ನ್ಯಾಟೊ ಸೇರ್ಪಡೆ: ಚೌಕಾಸಿ ನಡೆಯುವುದು ಯಾರ ಜೊತೆ?

ಸೇನಾ ಒಕ್ಕೂಟವೊಂದಕ್ಕೆ ಹೊಸ ದೇಶವನ್ನು ಸೇರಿಸಿಕೊಳ್ಳುವ ಮಾತುಕತೆ ಎಂದಾಗ, ಮೇಜಿನ ಒಂದು ಬದಿಯಲ್ಲಿ ಒಕ್ಕೂಟದವರು, ಇನ್ನೊಂದು ಬದಿಯಲ್ಲಿ ಅರ್ಜಿದಾರರು ಕುಳಿತು ಷರತ್ತುಗಳನ್ನು ಒಂದೊಂದಾಗಿ ಇತ್ಯರ್ಥ ಮಾಡಿಕೊಳ್ಳುವ ದೃಶ್ಯವೇ ಸಾಮಾನ್ಯವಾಗಿ ನೆನಪಿಗೆ ಬರುತ್ತದೆ. ನ್ಯಾಟೊದ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಕಂಡದ್ದು ಬೇರೆಯೇ. ಆ ಮೇಜಿನ ಮೇಲಿನ ಮಾತುಕತೆ ಇಡೀ ಪ್ರಕ್ರಿಯೆಯಲ್ಲೇ ಅತಿ ಚಿಕ್ಕದು, ಅತಿ ನೀರಸವಾದದ್ದು. ಫಿನ್ಲೆಂಡ್ ಮತ್ತು ಸ್ವೀಡನ್ ಜೊತೆಗಿನ ಸೇರ್ಪಡೆಯ ಮಾತುಕತೆ 2022ರ ಜುಲೈ 4ರಂದು ಬ್ರಸೆಲ್ಸ್‌ನಲ್ಲಿ ಮುಗಿಯಿತು. ಮರುದಿನವೇ ಸದಸ್ಯ ರಾಷ್ಟ್ರಗಳ ರಾಯಭಾರಿಗಳು ಸೇರ್ಪಡೆಯ ಒಪ್ಪಂದ ಪತ್ರವಾದ ಪ್ರೋಟೊಕಾಲ್‌ಗೆ ಸಹಿ ಹಾಕಿದರು. ಆದರೆ ಸ್ವೀಡನ್ ನಿಜಕ್ಕೂ ಸದಸ್ಯ ರಾಷ್ಟ್ರವಾದದ್ದು 2024ರ ಮಾರ್ಚ್ 7ರಂದು. ನಡುವಿನ ಇಪ್ಪತ್ತು ತಿಂಗಳಲ್ಲಿ ನಡೆದ ಚೌಕಾಸಿಯಲ್ಲಿ ಒಕ್ಕೂಟ ಎಂಬ ಸಂಸ್ಥೆಗೆ ಇದ್ದ ಪಾಲು ತೀರಾ ಕಡಿಮೆ. ಅದು ಒಂದೊಂದು ಸದಸ್ಯ ರಾಷ್ಟ್ರದ ಹಳೆಯ ತಕರಾರು, ಒಳರಾಜಕೀಯ ಮತ್ತು ಶಸ್ತ್ರ ಖರೀದಿಯ ಪಟ್ಟಿಗಳ ಜೊತೆ ನಡೆದ ಚೌಕಾಸಿ.

ಇದಕ್ಕೆ ಮೂಲ ಕಾರಣ 1949ರ ವಾಷಿಂಗ್ಟನ್ ಒಡಂಬಡಿಕೆಯ 10ನೇ ವಿಧಿಯಲ್ಲಿದೆ. ಒಡಂಬಡಿಕೆಯ ತತ್ವಗಳನ್ನು ಮುಂದುವರಿಸಬಲ್ಲ ಮತ್ತು ಉತ್ತರ ಅಟ್ಲಾಂಟಿಕ್ ಪ್ರದೇಶದ ಭದ್ರತೆಗೆ ಕೊಡುಗೆ ನೀಡಬಲ್ಲ ಯಾವುದೇ ಯುರೋಪಿಯನ್ ರಾಷ್ಟ್ರವನ್ನು ಸದಸ್ಯರು ಸರ್ವಾನುಮತದಿಂದ ಆಹ್ವಾನಿಸಬಹುದು ಎಂದಷ್ಟೇ ಅದು ಹೇಳುತ್ತದೆ. ಆಹ್ವಾನಕ್ಕೆ ಸರ್ವಾನುಮತ ಬೇಕು ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯೆಂದರೆ, ಆಹ್ವಾನದ ನಂತರ ಸಹಿಯಾದ ಪ್ರೋಟೊಕಾಲ್ ಜಾರಿಗೆ ಬರಬೇಕಾದರೆ ಪ್ರತಿಯೊಂದು ಸದಸ್ಯ ರಾಷ್ಟ್ರವೂ ತನ್ನ ದೇಶದ ಕ್ರಮದಂತೆ, ಬಹುಪಾಲು ಸಂಸತ್ತಿನ ಮೂಲಕ, ಅದನ್ನು ಅನುಮೋದಿಸಿ ಅಮೆರಿಕ ಸರ್ಕಾರಕ್ಕೆ ತಿಳಿಸಬೇಕು. ಹೀಗಾಗಿ ಪ್ರತಿ ಸದಸ್ಯನ ಕೈಯಲ್ಲಿ ಒಂದಲ್ಲ, ಎರಡು ವೀಟೊಗಳಿವೆ. ಮೊದಲನೆಯದನ್ನು ಶೃಂಗಸಭೆಯಲ್ಲಿ ಎಲ್ಲರ ಎದುರು ಚಲಾಯಿಸಬೇಕು, ಅದಕ್ಕೆ ಧೈರ್ಯ ಬೇಕು. ಎರಡನೆಯದಕ್ಕೆ ಧೈರ್ಯವೇ ಬೇಡ. ಮಸೂದೆಯನ್ನು ಸಂಸತ್ತಿನ ಕಾರ್ಯಸೂಚಿಗೆ ಸೇರಿಸದೆ ಸುಮ್ಮನಿದ್ದರಾಯಿತು. ಗಡುವೂ ಇಲ್ಲ, ದಂಡವೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಈ ಎರಡನೇ ವೀಟೊಗೆ ಚೆನ್ನಾಗಿಯೇ ಒಪ್ಪುತ್ತದೆ.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಮೂರು ತಿಂಗಳೊಳಗೆ, ಮೇ 18ರಂದು, ಫಿನ್ಲೆಂಡ್ ಮತ್ತು ಸ್ವೀಡನ್ ಒಟ್ಟಿಗೇ ಅರ್ಜಿ ಸಲ್ಲಿಸಿದವು. ರಷ್ಯಾದ ಜೊತೆ ಸುಮಾರು 1,340 ಕಿ.ಮೀ. ಗಡಿ ಹಂಚಿಕೊಂಡಿರುವ ಫಿನ್ಲೆಂಡ್, ಎರಡು ಶತಮಾನಗಳಿಂದ ಯುದ್ಧಕ್ಕಿಳಿಯದ ಸ್ವೀಡನ್; ಎರಡೂ ಪ್ರಜಾಪ್ರಭುತ್ವಗಳು, ಎರಡಕ್ಕೂ ಸುಸಜ್ಜಿತ ಸೇನೆ. ಇಂಥ ಅರ್ಜಿದಾರರನ್ನು ಯಾರು ತಾನೇ ಬೇಡವೆನ್ನುತ್ತಾರೆ ಎಂಬ ವಿಶ್ವಾಸ ಆಗ ಬಹುತೇಕ ರಾಜಧಾನಿಗಳಲ್ಲಿತ್ತು. ಅರ್ಜಿ ಕೈಸೇರುವ ಮೊದಲೇ, ಮೇ 13ರಂದು, ಟರ್ಕಿ ಅಧ್ಯಕ್ಷ ರೆಜೆಪ್ ತಯ್ಯಿಪ್ ಎರ್ಡೊಗಾನ್ ತಮಗೆ ಇದರ ಬಗ್ಗೆ ಸದಭಿಪ್ರಾಯವಿಲ್ಲ ಎಂದುಬಿಟ್ಟರು.

ಟರ್ಕಿಯ ತಕರಾರು ಬರೀ ನೆಪ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಪಿಕೆಕೆ ಎಂಬ ಕುರ್ದ್ ಸಶಸ್ತ್ರ ಸಂಘಟನೆಯೊಂದಿಗೆ ಆ ದೇಶ 1984ರಿಂದ ಹೋರಾಡುತ್ತ ಬಂದಿತ್ತು. ಆ ಸಂಘಟನೆಯ ಸಿರಿಯಾ ಶಾಖೆ ಎಂದು ಟರ್ಕಿ ಪರಿಗಣಿಸುವ ವೈಪಿಜಿಯನ್ನು ಸ್ವೀಡನ್ ಮಾತ್ರವಲ್ಲ, ಅಮೆರಿಕವೂ ಐಸಿಸ್ ವಿರುದ್ಧದ ಹೋರಾಟದ ಮಿತ್ರನೆಂದು ಕಂಡಿತ್ತು. 2019ರಲ್ಲಿ ಟರ್ಕಿ ಉತ್ತರ ಸಿರಿಯಾಕ್ಕೆ ಸೇನೆ ನುಗ್ಗಿಸಿದಾಗ ಸ್ವೀಡನ್ ಮತ್ತು ಫಿನ್ಲೆಂಡ್ ಶಸ್ತ್ರಾಸ್ತ್ರ ರಫ್ತಿಗೆ ತಡೆ ಹಾಕಿದ್ದವು. ನಿಮ್ಮ ರಕ್ಷಣೆಗೆ ನಮ್ಮ ಸೈನಿಕರು ಪ್ರಾಣ ಕೊಡಬೇಕು, ನಮಗೆ ಬಂದೂಕು ಮಾರಲು ಮಾತ್ರ ನಿಮಗೆ ಮನಸ್ಸಿಲ್ಲವೇ ಎಂಬ ಪ್ರಶ್ನೆಯಲ್ಲಿ ತರ್ಕವಿದೆ. ಇತ್ತ ಸ್ವೀಡನ್ ಸರ್ಕಾರದ ಪರಿಸ್ಥಿತಿಯೂ ಬಿಗಿಯಾಗಿತ್ತು. ಅಲ್ಪಮತದ ಆ ಸರ್ಕಾರ ನಿಂತಿದ್ದೇ ಕುರ್ದ್ ಮೂಲದ ಒಬ್ಬ ಪಕ್ಷೇತರ ಸಂಸದೆಯ ಬೆಂಬಲದ ಮೇಲೆ. 2022ರ ಜೂನ್ 7ರಂದು ನ್ಯಾಯಾಂಗ ಸಚಿವರ ವಿರುದ್ಧ ಅವಿಶ್ವಾಸ ಗೊತ್ತುವಳಿ ಬಂದಾಗ, ಬೇಕಿದ್ದ 175 ಮತಗಳಲ್ಲಿ ವಿರೋಧ ಪಕ್ಷಗಳಿಗೆ 174 ಸಿಕ್ಕಿದವು. ಆ ಸಂಸದೆ ತಟಸ್ಥರಾಗಿ ಉಳಿದದ್ದರಿಂದ ಸಚಿವರು ಪಾರಾದರು. ಟರ್ಕಿಯನ್ನು ಒಲಿಸಿಕೊಂಡರೆ ಸರ್ಕಾರ ಬೀಳುವ ಭಯ, ಸರ್ಕಾರ ಉಳಿಸಿಕೊಂಡರೆ ಟರ್ಕಿ ಮುನಿಯುವ ಭಯ. ಇದೆಲ್ಲ ನಡೆದದ್ದು ಮ್ಯಾಡ್ರಿಡ್ ಶೃಂಗಸಭೆಗೆ ಮೂರೇ ವಾರ ಬಾಕಿ ಇದ್ದಾಗ.

ಜೂನ್ 28ರಂದು ಮ್ಯಾಡ್ರಿಡ್‌ನಲ್ಲಿ ಮೂರೂ ದೇಶಗಳ ವಿದೇಶಾಂಗ ಸಚಿವರು ಸಹಿ ಮಾಡಿದ ತ್ರಿಪಕ್ಷೀಯ ಒಪ್ಪಂದ ಪತ್ರವನ್ನು ರಾಜತಾಂತ್ರಿಕ ಬರವಣಿಗೆಯ ಮಾದರಿ ಎಂದು ಓದಬೇಕು. ಅದರ ಶಕ್ತಿಯೂ ದೌರ್ಬಲ್ಯವೂ ವಾಕ್ಯ ರಚನೆಯಲ್ಲೇ ಅಡಗಿವೆ. ಪಿಕೆಕೆ ನಿಷೇಧಿತ ಭಯೋತ್ಪಾದಕ ಸಂಘಟನೆ ಎಂದು ಫಿನ್ಲೆಂಡ್ ಮತ್ತು ಸ್ವೀಡನ್ ಅದರಲ್ಲಿ ದೃಢೀಕರಿಸುತ್ತವೆ. ಇದರಲ್ಲಿ ಹೊಸದೇನೂ ಇರಲಿಲ್ಲ, ಯುರೋಪಿಯನ್ ಒಕ್ಕೂಟದ ಪಟ್ಟಿಯಲ್ಲಿ ಅದು ಮೊದಲೇ ಇತ್ತು. ವೈಪಿಜಿಯ ವಿಷಯ ಬಂದಾಗ ಪದಗಳು ಜಾಗರೂಕವಾಗುತ್ತವೆ: ಅದನ್ನು ಭಯೋತ್ಪಾದಕ ಎಂದು ಕರೆದಿಲ್ಲ, ಅದಕ್ಕೆ ಬೆಂಬಲ ನೀಡುವುದಿಲ್ಲ ಎಂದಷ್ಟೇ ಇದೆ. ಟರ್ಕಿ ಭಯೋತ್ಪಾದಕ ಎಂದು ಕರೆಯುವ, ಧರ್ಮಗುರು ಫೆತುಲ್ಲಾ ಗುಲೆನ್ ಅನುಯಾಯಿಗಳ ಪಂಥದ ಬಗ್ಗೆಯಂತೂ, ಟರ್ಕಿಯಲ್ಲಿ ಇಂಥ ಹೆಸರಿನಿಂದ ವರ್ಣಿಸಲಾಗುವ ಸಂಘಟನೆ ಎಂಬ ಅರ್ಥದ ಪದಗುಚ್ಛವನ್ನು ಬಳಸಿದ್ದಾರೆ. ಅಂದರೆ ಹೆಸರೂ ಬಂತು, ಆ ಹೆಸರಿನ ಹೊಣೆ ಸಹಿ ಹಾಕಿದವರ ಮೇಲೆ ಬೀಳಲೂ ಇಲ್ಲ. ಟರ್ಕಿ ಕೇಳಿದ ವ್ಯಕ್ತಿಗಳ ಹಸ್ತಾಂತರದ ಕೋರಿಕೆಗಳನ್ನು ಬೇಗನೆ ಮತ್ತು ಕೂಲಂಕಷವಾಗಿ ಪರಿಶೀಲಿಸಲಾಗುವುದು, ಆದರೆ ಹಸ್ತಾಂತರ ಕುರಿತ ಯುರೋಪಿಯನ್ ಒಡಂಬಡಿಕೆಗೆ ಅನುಗುಣವಾಗಿ ಎಂದಿದೆ. ಆ ಕೊನೆಯ ಮಾತಿನೊಂದಿಗೆ ನಿರ್ಧಾರ ಮತ್ತೆ ನ್ಯಾಯಾಲಯಗಳ ಕೈಗೆ ಹೋಯಿತು. ಎರ್ಡೊಗಾನ್ ಎರಡೇ ದಿನಗಳಲ್ಲಿ, ಸ್ವೀಡನ್ 73 ಮಂದಿಯನ್ನು ಒಪ್ಪಿಸುವ ಭರವಸೆ ಕೊಟ್ಟಿದೆ ಎಂದು ಹೇಳಿದರು. ಪ್ರಕಟವಾದ ಪತ್ರದಲ್ಲಿ ಅಂಥ ಯಾವ ಸಂಖ್ಯೆಯೂ ಇಲ್ಲ. ಅದೇ ಡಿಸೆಂಬರ್‌ನಲ್ಲಿ ಟರ್ಕಿ ಕೇಳಿದ್ದ ಒಬ್ಬ ಪತ್ರಕರ್ತರ ಹಸ್ತಾಂತರಕ್ಕೆ ಸ್ವೀಡನ್ನಿನ ಸರ್ವೋಚ್ಚ ನ್ಯಾಯಾಲಯ ತಡೆಯೊಡ್ಡಿತು.

ನನ್ನ ದೃಷ್ಟಿಯಲ್ಲಿ ಆ ಪತ್ರದ ನಿಜವಾದ ಲೋಪ ಇರುವುದು ಕೊನೆಯ ಅಂಶದಲ್ಲಿ. ಫಿನ್ಲೆಂಡ್ ಮತ್ತು ಸ್ವೀಡನ್ನನ್ನು ಮ್ಯಾಡ್ರಿಡ್ ಶೃಂಗಸಭೆಯಲ್ಲಿ ಆಹ್ವಾನಿಸುವುದಕ್ಕೆ ಬೆಂಬಲ ನೀಡುವುದಾಗಿ ಟರ್ಕಿ ಅಲ್ಲಿ ಒಪ್ಪಿಕೊಂಡಿದೆ. ಆಹ್ವಾನಕ್ಕೆ ಮಾತ್ರ. ತನ್ನ ಸಂಸತ್ತು ಯಾವಾಗ ಅನುಮೋದಿಸಬೇಕು, ಯಾವ ಕೆಲಸ ಆದ ಮೇಲೆ ಅನುಮೋದಿಸಬೇಕು ಎಂಬುದರ ಕುರಿತು ಒಂದಕ್ಷರವೂ ಇಲ್ಲ. ನಾರ್ಡಿಕ್ ದೇಶಗಳು ಮಾಡಬೇಕಾದ ಕೆಲಸಗಳ ಪಟ್ಟಿ ಉದ್ದವಿತ್ತು. ಅದಕ್ಕೆ ಪ್ರತಿಯಾಗಿ ಟರ್ಕಿ ಕೊಟ್ಟದ್ದು ಮೊದಲ ವೀಟೊವನ್ನು ಬಿಟ್ಟುಕೊಡುವ ಮಾತು, ಎರಡನೆಯದು ಅದರ ಜೇಬಿನಲ್ಲೇ ಉಳಿಯಿತು. ಶೃಂಗಸಭೆ ಕೆಡಬಾರದು ಎಂಬ ಆತುರದಲ್ಲಿ ಇದಕ್ಕಿಂತ ಒಳ್ಳೆಯ ಪತ್ರ ಸಿಗುತ್ತಿರಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೆ ಆಮೇಲಿನ ಇಪ್ಪತ್ತು ತಿಂಗಳ ಜಗ್ಗಾಟಕ್ಕೆ ದಾರಿ ತೆರೆದದ್ದು ಆ ಒಂದು ವಾಕ್ಯ.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮೂವತ್ತರಲ್ಲಿ ಇಪ್ಪತ್ತೆಂಟು ದೇಶಗಳು ಅನುಮೋದಿಸಿದ್ದವು. ಅಮೆರಿಕದ ಸೆನೆಟ್ ಆಗಸ್ಟ್ 3ರಂದೇ 95-1 ಮತಗಳಿಂದ ಒಪ್ಪಿತ್ತು. ಉಳಿದದ್ದು ಟರ್ಕಿ ಮತ್ತು ಹಂಗೇರಿ. ಸ್ವೀಡನ್ ಶಸ್ತ್ರ ರಫ್ತಿನ ತಡೆಯನ್ನು ತೆಗೆಯಿತು, ಭಯೋತ್ಪಾದಕ ಸಂಘಟನೆಗಳಲ್ಲಿ ಭಾಗವಹಿಸುವುದನ್ನೇ ಅಪರಾಧವಾಗಿಸಲು ಸಂವಿಧಾನಕ್ಕೆ ತಿದ್ದುಪಡಿ ತಂದಿತು, ಚುನಾವಣೆಯ ನಂತರ ಬಂದ ಉಲ್ಫ್ ಕ್ರಿಸ್ಟರ್ಸನ್ ಸರ್ಕಾರ ವೈಪಿಜಿಯಿಂದ ಬಹಿರಂಗವಾಗಿ ದೂರ ಸರಿಯಿತು. 2023ರ ಜನವರಿ 21ರಂದು ಸ್ಟಾಕ್‌ಹೋಮ್‌ನ ಟರ್ಕಿ ರಾಯಭಾರ ಕಚೇರಿಯ ಬಳಿ ಬಲಪಂಥೀಯನೊಬ್ಬ ಕುರಾನ್ ಸುಟ್ಟದ್ದೇ ತಡ, ಇಷ್ಟೂ ಕೆಲಸ ನೀರುಪಾಲಾದಂತಾಯಿತು. ಪ್ರತಿಭಟನೆಗೆ ಅನುಮತಿ ಕೊಡುವುದು ಪೊಲೀಸರ ಕೆಲಸ, ಅದನ್ನು ಸರ್ಕಾರ ತಡೆಯಲಾಗದು ಎಂಬ ಸ್ವೀಡನ್ನಿನ ಸಮಜಾಯಿಷಿ ಕಾನೂನಿನ ದೃಷ್ಟಿಯಿಂದ ಸರಿಯೇ. ಅದೇ ವರ್ಷದ ಮೇ ತಿಂಗಳಲ್ಲಿ ಚುನಾವಣೆ ಎದುರಿಸಬೇಕಿದ್ದ ಎರ್ಡೊಗಾನ್‌ಗೆ ಅದನ್ನು ಕೇಳಿಸಿಕೊಳ್ಳುವ ಅಗತ್ಯವಿರಲಿಲ್ಲ.

ಈ ಹಂತದಲ್ಲಿ ಫಿನ್ಲೆಂಡ್ ತೆಗೆದುಕೊಂಡ ನಿರ್ಧಾರವನ್ನು ನಾನು ಮೆಚ್ಚುತ್ತೇನೆ. ಕೈ ಕೈ ಹಿಡಿದು ಒಟ್ಟಿಗೇ ಒಳಹೋಗುವುದು ಎರಡೂ ದೇಶಗಳ ಘೋಷಿತ ನೀತಿಯಾಗಿತ್ತು. ಆದರೆ ಫಿನ್ಲೆಂಡಿನ ಸಂಸತ್ತು, ತನ್ನ ಏಪ್ರಿಲ್ 2ರ ಚುನಾವಣೆಗೆ ಕಾಯದೆ, ಮಾರ್ಚ್ 1ರಂದು 184-7 ಮತಗಳಿಂದ ಸೇರ್ಪಡೆಯ ಕಾನೂನನ್ನು ಅಂಗೀಕರಿಸಿ ಇಟ್ಟುಕೊಂಡಿತು. ಕಾನೂನಿಗೆ ಸಹಿ ಹಾಕಲು ಅಧ್ಯಕ್ಷರಿಗೆ ಅಲ್ಲಿ ಮೂರು ತಿಂಗಳ ಅವಕಾಶವಿದೆ. ಆ ಅವಧಿ ಓಡುತ್ತಿದ್ದರೆ ಸ್ವೀಡನ್ನಿಗಾಗಿ ಅನಿರ್ದಿಷ್ಟವಾಗಿ ಕಾಯುವ ಮಾತೇ ಬರುವುದಿಲ್ಲ. ಮಾರ್ಚ್ 17ರಂದು ಅಧ್ಯಕ್ಷ ಸೌಲಿ ನೀನಿಸ್ಟೊ ಅಂಕಾರಾದಲ್ಲಿದ್ದಾಗಲೇ ಎರ್ಡೊಗಾನ್ ಫಿನ್ಲೆಂಡಿನ ಕಡತವನ್ನು ಸಂಸತ್ತಿಗೆ ಕಳಿಸುವುದಾಗಿ ಘೋಷಿಸಿದರು. ಹಂಗೇರಿ ಮಾರ್ಚ್ 27ರಂದು, ಟರ್ಕಿ ಮಾರ್ಚ್ 30ರಂದು ಅನುಮೋದಿಸಿದವು. ಟರ್ಕಿಯ ಸಂಸತ್ತಿನಲ್ಲಿ 276 ಮತಗಳು ಪರವಾಗಿ ಬಿದ್ದವು, ವಿರುದ್ಧ ಒಂದೂ ಇಲ್ಲ. ಒಡಂಬಡಿಕೆಯ ವಾರ್ಷಿಕ ದಿನವಾದ ಏಪ್ರಿಲ್ 4ರಂದು ಬ್ರಸೆಲ್ಸ್‌ನ ನ್ಯಾಟೊ ಕೇಂದ್ರ ಕಚೇರಿಯಲ್ಲಿ ಟರ್ಕಿಯ ವಿದೇಶಾಂಗ ಸಚಿವ ಮೆವ್ಲುತ್ ಚವುಶೊಗ್ಲು ತಮ್ಮ ದೇಶದ ಅನುಮೋದನೆ ಪತ್ರವನ್ನು ಅಮೆರಿಕದ ಆಂಟನಿ ಬ್ಲಿಂಕನ್ ಕೈಗೆ ಕೊಟ್ಟರು. ಆ ಬಳಿಕ ಫಿನ್ಲೆಂಡಿನ ಪೆಕ್ಕಾ ಹಾವಿಸ್ಟೊ ಸೇರ್ಪಡೆ ಪತ್ರವನ್ನು ಒಪ್ಪಿಸಿದರು. ಆ ಕ್ಷಣಕ್ಕೆ ಫಿನ್ಲೆಂಡ್ 31ನೇ ಸದಸ್ಯ ರಾಷ್ಟ್ರವಾಯಿತು, ರಷ್ಯಾದೊಂದಿಗಿನ ನ್ಯಾಟೊ ಗಡಿಯ ಉದ್ದ ದುಪ್ಪಟ್ಟಿಗಿಂತ ಹೆಚ್ಚಾಯಿತು.

ಸ್ವೀಡನ್ನಿನ ಕಡತ ಆಮೇಲೆ ಇನ್ನೂ ವಿಚಿತ್ರ ದಾರಿ ಹಿಡಿಯಿತು. 2023ರ ಜುಲೈನಲ್ಲಿ ವಿಲ್ನಿಯಸ್ ಶೃಂಗಸಭೆಗೆ ಹೊರಟ ಎರ್ಡೊಗಾನ್, ಮೊದಲು ಯುರೋಪಿಯನ್ ಒಕ್ಕೂಟದಲ್ಲಿ ಟರ್ಕಿಗೆ ದಾರಿ ಬಿಡಿ, ನಾವು ಸ್ವೀಡನ್ನಿಗೆ ದಾರಿ ಬಿಡುತ್ತೇವೆ ಎಂಬ ಹೊಸ ಬೇಡಿಕೆ ಇಟ್ಟರು. ಒಂದು ಸಂಸ್ಥೆಯ ವೀಟೊವನ್ನು ಇನ್ನೊಂದು ಸಂಸ್ಥೆಯ ಬಾಗಿಲಲ್ಲಿ ನಗದು ಮಾಡಿಕೊಳ್ಳುವ ಈ ಪ್ರಯತ್ನ ಫಲಿಸಲಿಲ್ಲ, ಆದರೂ ಅಂದೇ ರಾತ್ರಿ ಕಡತವನ್ನು ಸಂಸತ್ತಿಗೆ ಕಳಿಸಲು ಅವರು ಒಪ್ಪಿದರು. ಅಸಲು ವಿಷಯ ಎಫ್-16 ಯುದ್ಧ ವಿಮಾನಗಳದ್ದು. ರಷ್ಯಾದಿಂದ ಎಸ್-400 ಕ್ಷಿಪಣಿ ವ್ಯವಸ್ಥೆ ಕೊಂಡದ್ದಕ್ಕಾಗಿ 2019ರಲ್ಲಿ ಎಫ್-35 ಯೋಜನೆಯಿಂದ ಹೊರಬಿದ್ದಿದ್ದ ಟರ್ಕಿ, 2021ರಲ್ಲೇ 40 ಹೊಸ ಎಫ್-16 ಕೇಳಿತ್ತು. ಅಮೆರಿಕದ ಕಾಂಗ್ರೆಸ್ ಅದಕ್ಕೆ ಅಡ್ಡ ನಿಂತಿತ್ತು. ವಿಮಾನಕ್ಕೂ ಸದಸ್ಯತ್ವಕ್ಕೂ ಸಂಬಂಧವಿಲ್ಲ ಎಂದು ವಾಷಿಂಗ್ಟನ್ ಕೊನೆಯವರೆಗೂ ಹೇಳುತ್ತಲೇ ಇತ್ತು. ದಿನಾಂಕಗಳು ಬೇರೆ ಕಥೆ ಹೇಳುತ್ತವೆ: 2024ರ ಜನವರಿ 23ರಂದು ಟರ್ಕಿಯ ಸಂಸತ್ತು 287-55 ಮತಗಳಿಂದ ಸ್ವೀಡನ್ನನ್ನು ಒಪ್ಪಿತು, 25ರಂದು ಎರ್ಡೊಗಾನ್ ಸಹಿ ಹಾಕಿದರು, 26ರಂದು ಅಮೆರಿಕ ಸರ್ಕಾರ 23 ಶತಕೋಟಿ ಡಾಲರ್‌ಗಳ ಎಫ್-16 ಮಾರಾಟಕ್ಕೆ ಹಸಿರು ನಿಶಾನೆ ತೋರಿತು. ಟರ್ಕಿಯ ನೆರೆಯ ಗ್ರೀಸ್ ಸಿಟ್ಟಾಗದಿರಲೆಂದು ಅದಕ್ಕೂ ಅದೇ ದಿನ ಎಫ್-35 ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು.

ಹಂಗೇರಿಯ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಅನುಮೋದಿಸುವುದರಲ್ಲಿ ತಾವು ಕೊನೆಯವರಾಗುವುದಿಲ್ಲ ಎನ್ನುತ್ತಿದ್ದ ವಿಕ್ಟರ್ ಒರ್ಬಾನ್ ಸರ್ಕಾರ ಕೊನೆಗೆ ಕೊನೆಯದೇ ಆಯಿತು. ಸ್ವೀಡನ್ನಿನ ರಾಜಕಾರಣಿಗಳು ನಮ್ಮ ಪ್ರಜಾಪ್ರಭುತ್ವವನ್ನು ಹೀಗಳೆಯುತ್ತಾರೆ ಎಂಬುದು ಅದರ ದೂರು; ಏನು ಬೇಕು ಎಂದು ಟರ್ಕಿಯಷ್ಟು ಸ್ಪಷ್ಟವಾಗಿ ಅದು ಯಾವತ್ತೂ ಹೇಳಲಿಲ್ಲ. ಫೆಬ್ರುವರಿ 23ರಂದು ಕ್ರಿಸ್ಟರ್ಸನ್ ಬುಡಾಪೆಸ್ಟ್‌ಗೆ ಹೋದರು, ಹಂಗೇರಿಗೆ ಇನ್ನೂ ನಾಲ್ಕು ಗ್ರಿಪೆನ್ ವಿಮಾನಗಳನ್ನು ಕೊಡುವ ಒಪ್ಪಂದ ಪ್ರಕಟವಾಯಿತು, 26ರಂದು 188-6 ಮತಗಳಿಂದ ಮಸೂದೆ ಪಾಸಾಯಿತು.

ಇದೇ ವೀಟೊ ಇನ್ನೂ ದೀರ್ಘವಾಗಿ, ಇನ್ನೂ ಆಳವಾಗಿ ಬಳಕೆಯಾದ ಪ್ರಕರಣ ಮೆಸಿಡೋನಿಯಾದ್ದು. ಸಂಧಾನದ ಕುಶಲತೆಯನ್ನು ಕಾಣಬೇಕಾದರೆ ಮ್ಯಾಡ್ರಿಡ್‌ಗಿಂತ ಇದನ್ನೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಯುಗೊಸ್ಲಾವಿಯಾದಿಂದ ಬೇರೆಯಾದ ಆ ದೇಶ ಮೆಸಿಡೋನಿಯಾ ಎಂಬ ಹೆಸರಿಟ್ಟುಕೊಂಡದ್ದಕ್ಕೆ, ಅದೇ ಹೆಸರಿನ ಪ್ರಾಂತ್ಯವಿರುವ ಗ್ರೀಸ್ ಸಿಡಿದೆದ್ದಿತ್ತು. ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮೆಸಿಡೋನಿಯಾ ಎಂಬ ತಾತ್ಕಾಲಿಕ ಹೆಸರಿನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳನ್ನು ಸೇರುವುದಾದರೆ ಅಡ್ಡಿಪಡಿಸುವುದಿಲ್ಲ ಎಂದು 1995ರ ಮಧ್ಯಂತರ ಒಪ್ಪಂದದಲ್ಲಿ ಗ್ರೀಸ್ ಮಾತು ಕೊಟ್ಟಿತ್ತು. ಆದರೂ 2008ರ ಏಪ್ರಿಲ್‌ನ ಬುಕಾರೆಸ್ಟ್ ಶೃಂಗಸಭೆಯಲ್ಲಿ ಅಲ್ಬೇನಿಯಾ ಮತ್ತು ಕ್ರೊಯೇಷಿಯಾಕ್ಕೆ ಆಹ್ವಾನ ಸಿಕ್ಕಿತು, ಮೆಸಿಡೋನಿಯಾಕ್ಕೆ ಸಿಗಲಿಲ್ಲ. ಅದು ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. ಗ್ರೀಸ್ ಒಪ್ಪಂದವನ್ನು ಉಲ್ಲಂಘಿಸಿದೆ ಎಂದು 2011ರ ಡಿಸೆಂಬರ್ 5ರಂದು ನ್ಯಾಯಾಲಯ ತೀರ್ಪಿತ್ತಿತು. ಗೆದ್ದ ದೇಶಕ್ಕೆ ಆ ತೀರ್ಪಿನಿಂದ ಸಿಕ್ಕಿದ್ದು ಕಾಗದವಷ್ಟೇ; ಸರ್ವಾನುಮತದ ಸಂಸ್ಥೆಯೊಳಗೆ ಒಂದು ದೇಶ ಮನಸ್ಸು ಬದಲಿಸುವಂತೆ ಮಾಡುವ ಶಕ್ತಿ ಯಾವ ನ್ಯಾಯಾಲಯಕ್ಕೂ ಇಲ್ಲ.

ಬದಲಾದದ್ದು ಸರ್ಕಾರಗಳು. ಮೆಸಿಡೋನಿಯಾದ ರಾಜಧಾನಿ ಸ್ಕೋಪಿಯೆಯಲ್ಲಿ ಜೋರಾನ್ ಜಾಯೆವ್, ಅಥೆನ್ಸ್‌ನಲ್ಲಿ ಅಲೆಕ್ಸಿಸ್ ಸಿಪ್ರಾಸ್ ಪ್ರಧಾನಿಗಳಾಗಿದ್ದಾಗ, 2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಡದಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ದೇಶದ ಹೆಸರು ಒಳಗೂ ಹೊರಗೂ ಉತ್ತರ ಮೆಸಿಡೋನಿಯಾ ಆಗಬೇಕು. ಭಾಷೆಯ ಹೆಸರು ಮಾತ್ರ ಮೆಸಿಡೋನಿಯನ್ ಎಂದೇ ಉಳಿಯುತ್ತದೆ. ಇದರ ಜಾಣ್ಮೆ ಇರುವುದು ಕೊಡು-ಕೊಳ್ಳುವಿಕೆಗಿಂತ ಹೆಚ್ಚಾಗಿ ಹಂತಗಳ ಜೋಡಣೆಯಲ್ಲಿ. ಸಹಿಯಾದ ಮುಂದಿನ ತಿಂಗಳು ನ್ಯಾಟೊದ ಆಹ್ವಾನ. ಆದರೆ ಸಂವಿಧಾನ ತಿದ್ದುಪಡಿಯಾಗಿ ಹೆಸರು ಬದಲಾಗುವವರೆಗೆ ಸೇರ್ಪಡೆಯಿಲ್ಲ. ತಿದ್ದುಪಡಿ ಮುಗಿದ ಮೇಲೆ ಗ್ರೀಸ್ ಒಪ್ಪಂದವನ್ನು ಅನುಮೋದಿಸಬೇಕು, ಅದರ ಬೆನ್ನಿಗೇ ನ್ಯಾಟೊ ಪ್ರೋಟೊಕಾಲನ್ನೂ ಅನುಮೋದಿಸಬೇಕು. ಒಬ್ಬರು ಒಂದು ಹೆಜ್ಜೆ ಇಟ್ಟ ಮೇಲೆ ಇನ್ನೊಬ್ಬರ ಹೆಜ್ಜೆ. ಎರಡನೇ ವೀಟೊವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಲು ಗ್ರೀಸ್‌ಗೆ ಅಲ್ಲಿ ಎಡೆಯೇ ಇರಲಿಲ್ಲ.

ಹಾಗೆಂದು ಅದು ಸಲೀಸಾಗಿ ಆಗಲಿಲ್ಲ. ಸೆಪ್ಟೆಂಬರ್ 30ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಒಪ್ಪಿದರೂ, ಮತಗಟ್ಟೆಗೆ ಬಂದವರೇ ಶೇ 37ರಷ್ಟು. 120 ಸದಸ್ಯರ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಕೂಡಿಸಲು ಜಾಯೆವ್ ಹೆಣಗಾಡಿ, ಜನವರಿಯಲ್ಲಿ 81 ಮತಗಳೊಂದಿಗೆ ದಡ ಸೇರಿದರು. ಗ್ರೀಸ್‌ನಲ್ಲಿ ರಕ್ಷಣಾ ಸಚಿವರು ರಾಜೀನಾಮೆ ಕೊಟ್ಟು ಮೈತ್ರಿ ಮುರಿದರು; ಜನವರಿ 25ರಂದು 300ರಲ್ಲಿ 153 ಮತಗಳಿಂದ ಒಪ್ಪಂದ ಪಾಸಾಯಿತು. ಫೆಬ್ರುವರಿ 8ರಂದು ನ್ಯಾಟೊ ಪ್ರೋಟೊಕಾಲನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ, ಹತ್ತು ವರ್ಷ ಅಡ್ಡಗಾಲು ಹಾಕಿದ್ದ ಅದೇ ಗ್ರೀಸ್. ಸಿಪ್ರಾಸ್ ಆ ವರ್ಷದ ಜುಲೈನಲ್ಲಿ ಅಧಿಕಾರ ಕಳೆದುಕೊಂಡರು. ಒಪ್ಪಂದವನ್ನು ವಿರೋಧಿಸಿ ಗೆದ್ದು ಬಂದವರು ಅದನ್ನು ರದ್ದುಮಾಡಲಿಲ್ಲ, 2020ರ ಮಾರ್ಚ್ 27ರಂದು ಉತ್ತರ ಮೆಸಿಡೋನಿಯಾ 30ನೇ ಸದಸ್ಯ ರಾಷ್ಟ್ರವಾಯಿತು.

ಇಲ್ಲೊಂದು ಚಿಕ್ಕ ಮಾತು ಹೇಳಿ ಮುಂದೆ ಹೋಗಬಹುದು. ಬಾಗಿಲಲ್ಲಿ ನಿಂತು ತಕರಾರು ಮಾಡಿದ ಗ್ರೀಸ್ ಮತ್ತು ಟರ್ಕಿ ಎರಡೂ ಒಂದು ಕಾಲದಲ್ಲಿ ಹೊರಗೆ ಕಾದವರೇ. 1950ರಲ್ಲಿ ಟರ್ಕಿ ಕೇಳಿದಾಗ ಸದಸ್ಯತ್ವ ಸಿಗಲಿಲ್ಲ. ಅದು ಕೊರಿಯಾ ಯುದ್ಧಕ್ಕೆ ಸೈನ್ಯ ಕಳಿಸಿತು, ರಕ್ಷಣೆಯ ವ್ಯಾಪ್ತಿಯನ್ನು ಹೇಳುವ ಒಡಂಬಡಿಕೆಯ 6ನೇ ವಿಧಿಯನ್ನೇ ಟರ್ಕಿಯ ನೆಲವೂ ಒಳಗೊಳ್ಳುವಂತೆ ತಿದ್ದಲಾಯಿತು, 1952ರಲ್ಲಿ ಇಬ್ಬರಿಗೂ ಪ್ರವೇಶ ದೊರೆಯಿತು.

ಅರ್ಜಿಗೂ ಸದಸ್ಯತ್ವಕ್ಕೂ ನಡುವಿನ ಕಾಲವೇ ಅರ್ಜಿದಾರನಿಗೆ ಅತಿ ಅಪಾಯದ್ದು. ನೆರೆಯ ಬಲಾಢ್ಯನನ್ನು ಕೆಣಕಿದ್ದಾಗಿರುತ್ತದೆ, ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ 5ನೇ ವಿಧಿಯ ರಕ್ಷಣೆ ಮಾತ್ರ ಇನ್ನೂ ಅನ್ವಯಿಸುವುದಿಲ್ಲ. ಫಿನ್ಲೆಂಡ್ ಮತ್ತು ಸ್ವೀಡನ್ ಇದನ್ನು ಅರಿತೇ ಅರ್ಜಿಗೆ ಒಂದು ವಾರ ಮುಂಚೆ, ಮೇ 11ರಂದು, ಬ್ರಿಟನ್ನಿನಿಂದ ಪರಸ್ಪರ ನೆರವಿನ ಘೋಷಣೆಗಳನ್ನು ಪಡೆದುಕೊಂಡಿದ್ದವು. ಇಂಥ ಯಾವ ಸೇತುವೆಯೂ ಇಲ್ಲದೆ ಉಳಿದವರು ಉಕ್ರೇನ್ ಮತ್ತು ಜಾರ್ಜಿಯಾ. 2008ರ ಅದೇ ಬುಕಾರೆಸ್ಟ್ ಸಭೆಯಲ್ಲಿ ಇವೆರಡಕ್ಕೂ ಸದಸ್ಯತ್ವದ ಕ್ರಿಯಾ ಯೋಜನೆ, ಅಂದರೆ ಸೇರ್ಪಡೆಗೆ ಮುಂಚಿನ ಸಿದ್ಧತೆಯ ಹಂತ, ಕೊಡಬೇಕೆಂದು ಅಮೆರಿಕದ ಜಾರ್ಜ್ ಬುಷ್ ಹಟ ಹಿಡಿದರು, ಜರ್ಮನಿಯ ಏಂಜೆಲಾ ಮರ್ಕೆಲ್ ಮತ್ತು ಫ್ರಾನ್ಸ್‌ನ ನಿಕೋಲಾ ಸರ್ಕೋಜಿ ಒಪ್ಪಲಿಲ್ಲ. ಕೊನೆಗೆ ಇಬ್ಬರಿಗೂ ಸಲ್ಲುವಂಥ ವಾಕ್ಯವೊಂದನ್ನು ಹೆಣೆದರು: ಈ ದೇಶಗಳು ನ್ಯಾಟೊದ ಸದಸ್ಯರಾಗಲಿವೆ, ಆದರೆ ಕ್ರಿಯಾ ಯೋಜನೆ ಈಗಿಲ್ಲ. ಮ್ಯಾಡ್ರಿಡ್ ಪತ್ರದ ಅಸ್ಪಷ್ಟತೆ ಕಾಲಹರಣಕ್ಕೆ ಕಾರಣವಾಯಿತು, ಅಷ್ಟೇ. ಈ ವಾಕ್ಯದ್ದು ಇನ್ನೂ ಕೆಟ್ಟ ಬಗೆ. ಮಾಸ್ಕೋಗೆ ಅದರಲ್ಲಿ ಕಂಡದ್ದು ಬೆದರಿಕೆ, ಕೀವ್ ಮತ್ತು ಟಿಬಿಲಿಸಿಗೆ ದಕ್ಕಿದ್ದು ದಿನಾಂಕವಿಲ್ಲದ ಭರವಸೆ. ನಾಲ್ಕೇ ತಿಂಗಳಲ್ಲಿ ಜಾರ್ಜಿಯಾದಲ್ಲಿ ಯುದ್ಧ ನಡೆಯಿತು. ಆ ಯುದ್ಧಕ್ಕೆ ಆ ವಾಕ್ಯವೊಂದೇ ಕಾರಣ ಎನ್ನುವಷ್ಟು ಸರಳವಾಗಿ ನಾನು ನೋಡುವುದಿಲ್ಲ; ಆದರೆ ಇಬ್ಬರ ನಡುವಿನ ಭಿನ್ನಮತ ಮುಚ್ಚಲು ಮೂರನೆಯವರ ಭದ್ರತೆಯನ್ನು ಬಳಸಿಕೊಂಡ ಸಂಧಾನ ಅದು ಎನ್ನಲು ನನಗೆ ಅಳುಕಿಲ್ಲ.

2023ರ ವಿಲ್ನಿಯಸ್ ಸಭೆ ಉಕ್ರೇನಿಗೆ ಕ್ರಿಯಾ ಯೋಜನೆಯ ಹಂತವೇ ಬೇಡ ಎಂದು ಹೇಳಿ ಆ ಹಳೆಯ ಜಗಳವನ್ನು ಬದಿಗಿಟ್ಟಿತು. ಅದರ ಬದಲು, ಸದಸ್ಯರು ಒಪ್ಪಿದಾಗ ಮತ್ತು ಷರತ್ತುಗಳು ಪೂರೈಸಿದಾಗ ಆಹ್ವಾನ ನೀಡುವ ಸ್ಥಿತಿಯಲ್ಲಿರುತ್ತೇವೆ ಎಂಬ ವಾಕ್ಯ ಬಂತು. ಮರುವರ್ಷ ವಾಷಿಂಗ್ಟನ್‌ನಲ್ಲಿ ಉಕ್ರೇನಿನ ದಾರಿಯನ್ನು ಹಿಂತಿರುಗಿಸಲಾಗದ್ದು ಎಂದು ಬಣ್ಣಿಸಿದ ಘೋಷಣೆ, ಸದಸ್ಯರು ಒಪ್ಪಿದಾಗ ಮತ್ತು ಷರತ್ತುಗಳು ಪೂರೈಸಿದಾಗ ಎಂಬ ಮಾತನ್ನು ಹಾಗೆಯೇ ಉಳಿಸಿಕೊಂಡಿತು. ಷರತ್ತುಗಳು ಪೂರೈಸಿವೆ ಎಂದು ತೀರ್ಮಾನಿಸಬೇಕಾದವರು ಈಗ ಮೂವತ್ತೆರಡು ಸರ್ಕಾರಗಳು, ಆಮೇಲೆ ಮೂವತ್ತೆರಡು ದೇಶಗಳ ಅನುಮೋದನೆ. ಅದಕ್ಕೆ ಗಡುವು ಎಲ್ಲೂ ಬರೆದಿಲ್ಲ.